24 ಗಂಟೆ ಅಡ್ವೆಂಚರ್ ರೇಸ್: ನಿಧಾನದವರನ್ನು ತಂಡದಿಂದ ಬದಲಿಸಬೇಕಾ?

ಆಲೂರು ಹುಡುಗ

ಎಲ್ಲರಿಗೂ ನಮಸ್ಕಾರ. ಹಾಸನ, ಚಿಕ್ಕಮಗಳೂರು ಕಡೆ ಅಡ್ವೆಂಚರ್ ರೇಸ್ ಮಾಡಿದವರು ಯಾರಾದರೂ ಇದ್ದರೆ ಸ್ವಲ್ಪ ದಾರಿ ತೋರಿಸಿ. ಜನವರಿಯಲ್ಲಿ ಹೊರ ರಾಜ್ಯದಲ್ಲಿ ಒಂದು ರೇಸ್ ಇದೆ. 24 ಗಂಟೆ, ನಾಲ್ಕು ಜನರ ತಂಡ. ಸೈಕಲ್, ಗುಡ್ಡದಲ್ಲಿ ಓಟ ಮತ್ತು ನಡಿಗೆ, ಕಯಾಕ್, ಒಂದು ಕಡೆ ಹಗ್ಗದಲ್ಲಿ ಇಳಿಯುವುದು. ದಾರಿ ಗುರುತು ಮಾಡಿರುವುದಿಲ್ಲ. ನಕ್ಷೆ ಮತ್ತು ಕಂಪಾಸ್ ಅಷ್ಟೇ. ಜಿಪಿಎಸ್, ಫೋನ್ ಎರಡೂ ಸೀಲ್ ಮಾಡಿದ ಚೀಲದಲ್ಲಿ.

ನಮ್ಮಲ್ಲಿ ನಾನು ಸೈಕಲ್‌ನಲ್ಲಿ ಪರವಾಗಿಲ್ಲ. ಚಿಕ್ಕಪ್ಪನ ಮಗಳು ಒಳ್ಳೆ ಓಟಗಾರ್ತಿ, ಕಾಲೇಜಿನಲ್ಲಿ ಕ್ರಾಸ್ ಕಂಟ್ರಿ ಓಡುತ್ತಿದ್ದಳು. ಮೂರನೆಯವನು ಗೊರೂರು ಕಡೆಯ ಸ್ನೇಹಿತ, ನೀರಿಗೆ ಇಳಿದರೆ ಮೀನೇ. ನಾಲ್ಕನೆಯವರು ನಮ್ಮ ಭಾವ. ವಯಸ್ಸು 43. ಆಸಕ್ತಿ ಜಾಸ್ತಿ, ಆದರೆ ಏರಿನಲ್ಲಿ ತುಂಬಾ ನಿಧಾನ. ಕಳೆದ ತಿಂಗಳು ಮುಳ್ಳಯ್ಯನಗಿರಿಗೆ ಸರ್ಪದಾರಿಯಿಂದ ಹತ್ತಿದಾಗ ನಾವು ಮೇಲೆ ಹೋಗಿ ಕಾದು ಕಾದು ಚಳಿ ಹಿಡಿಸಿಕೊಂಡೆವು. ಅವರ ಜಾಗಕ್ಕೆ ಜಿಮ್‌ನಲ್ಲಿರುವ ಇನ್ನೊಬ್ಬ ಹುಡುಗನನ್ನು ಹಾಕೋಣ ಅಂತ ಸ್ನೇಹಿತ ಹೇಳುತ್ತಿದ್ದಾನೆ. ಮನೆಯವರ ವಿಷಯ, ಹೇಗೆ ಹೇಳೋದು ಅನ್ನೋದು ಒಂದು ಕಡೆ. ನಿಜವಾಗಿ ಬದಲಿಸಬೇಕಾ ಅನ್ನೋದು ಇನ್ನೊಂದು ಕಡೆ.

ಟಾಪ್ ಗೇರ್

ಬದಲಿಸಿ. ಇದರಲ್ಲಿ ಯೋಚನೆ ಮಾಡೋಕೆ ಏನಿದೆ? ರೇಸ್ ಅಂದ ಮೇಲೆ ರೇಸ್. ಪ್ರತಿ ಹಂತಕ್ಕೂ ಕಟ್ ಆಫ್ ಸಮಯ ಇರುತ್ತದೆ. ಅದು ದಾಟಿದರೆ ಮುಂದಿನ ಭಾಗವನ್ನೇ ಮಾಡೋಕೆ ಬಿಡಲ್ಲ. ಒಬ್ಬರಿಗಾಗಿ ಮೂರು ಜನರ ತಯಾರಿ ನೀರಿನಲ್ಲಿ ಹೋಮ ಆಗಬಾರದು.

ಗಿರಿ ಸೈಕಲ್

ತಡಿಯಪ್ಪಾ. ಮೊದಲು ಈ ಆಟ ಏನು ಅಂತ ನೋಡೋಣ. ನಾಲ್ವರೂ ಒಟ್ಟಿಗೇ ಇರಬೇಕು. ಅಡ್ವೆಂಚರ್ ರೇಸಿಂಗ್ ವರ್ಲ್ಡ್ ಸೀರೀಸ್ ನಿಯಮದಲ್ಲಿ ತಂಡದವರು ಒಬ್ಬರಿಂದ ಒಬ್ಬರು 100 ಮೀಟರ್‌ಗಿಂತ ದೂರ ಹೋಗುವಂತಿಲ್ಲ. ಒಬ್ಬರು ಬಿಟ್ಟು ಹೋದರೆ ಸಾಮಾನ್ಯವಾಗಿ ತಂಡಕ್ಕೆ ರ‍್ಯಾಂಕ್ ಇಲ್ಲ, ಮುಗಿಸಿದರೂ ಲೆಕ್ಕಕ್ಕಿಲ್ಲ. ಅಂದರೆ ಅತಿ ವೇಗದವನ ಸಮಯ ಯಾರಿಗೂ ಬೇಡ, ಗಡಿಯಾರ ನಿಲ್ಲೋದು ಕೊನೆಯವರು ಬಂದ ಮೇಲೆ.

ಹಾಗಾಗಿ ನೀವು ಮೂರು ಜನ ಮುಳ್ಳಯ್ಯನಗಿರಿ ತುದಿಯಲ್ಲಿ ಚಳಿಯಲ್ಲಿ ಕಾದಿರಲ್ಲ, ಅದೇ ತಪ್ಪು ಅಭ್ಯಾಸ. ಭಾವನ ಬೆನ್ನ ಮೇಲೆ ಬ್ಯಾಗ್ ಇತ್ತಾ? ಎಷ್ಟು ತೂಕ? ನಿಮ್ಮ ತಂಗಿ ಎಷ್ಟು ಹೊತ್ತಿದ್ದಳು? ಅದನ್ನು ಹೇಳಿ, ಆಮೇಲೆ ಬದಲಿಸೋ ಮಾತು.

ಆಲೂರು ಹುಡುಗ

ಅಣ್ಣ, ಎಲ್ಲರೂ ಅವರವರ ಬ್ಯಾಗ್ ಹೊತ್ತಿದ್ದರು. ಭಾವನದೇ ದೊಡ್ಡದು. ಅಕ್ಕ ಕೊಟ್ಟು ಕಳಿಸಿದ ಕಡುಬು, ಚಟ್ನಿ ಎಲ್ಲ ಅದರಲ್ಲೇ ಇತ್ತು.

ಗಿರಿ ಸೈಕಲ್

ನೋಡಿದಿರಾ. ನಿಧಾನದವರ ಬೆನ್ನ ಮೇಲೆ ನಾಲ್ಕು ಜನರ ಊಟ ಹೊರಿಸಿ ನಿಧಾನ ಅಂತೀರಿ. 😀

ಕಾಫಿ ಕಣ

ನಾನು ಇಂಥ ರೇಸ್‌ಗಳನ್ನು ಓಡಿದವಳು, ಮೂಡಿಗೆರೆ ಕಡೆಯವಳು. ಎರಡು ಮಾತು.

ಒಂದು. ಭಾವನನ್ನು ಕೇಳಿದಿರಾ? ಅವರ ಬಗ್ಗೆ ಊರೆಲ್ಲ ಚರ್ಚೆ ಮಾಡುತ್ತಿದೆ, ಅವರಿಗೇ ಗೊತ್ತಿಲ್ಲ ಅಂತ ಕಾಣುತ್ತೆ.

ಎರಡು. ಈ ಆಟದಲ್ಲಿ ಮಿಶ್ರ ತಂಡ ಅನ್ನೋದು ಮೊದಲಿನಿಂದಲೂ ಇದೆ. 1989ರಲ್ಲಿ ನ್ಯೂಜಿಲೆಂಡ್‌ನಲ್ಲಿ ರೇಡ್ ಗೊಲ್ವಾಸ್ ಅನ್ನುವ ರೇಸ್ ಶುರುವಾದಾಗ ಐದು ಜನರ ತಂಡದಲ್ಲಿ ಒಬ್ಬ ಹೆಂಗಸು ಇರಲೇಬೇಕಿತ್ತು. ಈಗಿನ ದೊಡ್ಡ ರೇಸ್‌ಗಳಲ್ಲೂ ನಾಲ್ವರಲ್ಲಿ ಗಂಡೂ ಇರಬೇಕು, ಹೆಣ್ಣೂ ಇರಬೇಕು. ಆದರೆ ನಮ್ಮ ಕಡೆ ಹುಡುಗರು ಏನು ಮಾಡುತ್ತಾರೆ? ನಿಯಮ ಇದೆ ಅಂತ ಒಬ್ಬಳನ್ನು ಹುಡುಕುತ್ತಾರೆ. ಸಿಕ್ಕ ಮೇಲೆ ಇವಳೇ ನಿಧಾನ ಅಂತ ಮೊದಲೇ ತೀರ್ಮಾನ. ನನ್ನ ಬ್ಯಾಗ್ ಕಿತ್ತುಕೊಳ್ಳೋಕೆ ಬಂದವರು ರಾತ್ರಿ ಎರಡು ಗಂಟೆಗೆ ಅವರ ಬ್ಯಾಗ್ ನನ್ನ ಕೈಗೆ ಕೊಟ್ಟಿದ್ದಾರೆ. ಹಗಲು ಜೋರಾಗಿ ಓಡುವವರು ರಾತ್ರಿಯೂ ಓಡುತ್ತಾರೆ ಅಂತ ಏನೂ ಇಲ್ಲ. ವಯಸ್ಸಾದವರು ಅನೇಕ ಸಲ ರಾತ್ರಿ ಗಟ್ಟಿ ಇರುತ್ತಾರೆ. ಒಂದೇ ಹದದಲ್ಲಿ ಹೋಗೋದು ಅವರಿಗೆ ಗೊತ್ತು.

ಜಿಮ್ ಹುಡುಗ ನಿದ್ದೆ ಇಲ್ಲದೆ ಬೆಳಗಿನ ಜಾವ ನಾಲ್ಕಕ್ಕೆ ಹೇಗಿರುತ್ತಾನೆ ಅಂತ ಯಾರಾದರೂ ನೋಡಿದ್ದೀರಾ? ಹಸಿವಾದಾಗ ಸಿಡುಕುತ್ತಾನಾ? ದಾರಿ ತಪ್ಪಿದರೆ ನಕ್ಷೆ ಹಿಡಿದವರ ಮೇಲೆ ಕೂಗಾಡುತ್ತಾನಾ? ತಂಡ ಒಡೆಯೋದು ಅಲ್ಲಿ, ಏರಿನಲ್ಲಿ ಅಲ್ಲ.

ಟಾಪ್ ಗೇರ್

ಅಕ್ಕ, ಮಾತು ಚೆನ್ನಾಗಿದೆ. ಆದರೆ 43ರಲ್ಲಿ ಏರು ಹತ್ತಲು ಆಗದವರಿಗೆ ಬೆಳಗಿನ ಜಾವ ನಾಲ್ಕಕ್ಕೆ ಹೊಸ ಕಾಲು ಬರಲ್ಲ.

ಗಿರಿ ಸೈಕಲ್

ಹೊಸ ಕಾಲು ಬೇಡ, ಹಗ್ಗ ಇದ್ದರೆ ಸಾಕು. ಎಳೆಯೋದು ಈ ಆಟದಲ್ಲಿ ನಾಚಿಕೆಯ ವಿಷಯ ಅಲ್ಲ, ಗೆಲ್ಲುವ ತಂಡಗಳೂ ಎಳೆಯುತ್ತವೆ. ನಮ್ಮ ಅಂಗಡಿಯಲ್ಲಿ ನಾನು ಹೇಗೆ ಕಟ್ಟಿಕೊಡುತ್ತೇನೆ ಅಂತ ಹೇಳುತ್ತೇನೆ, ನೀವೇ ಮಾಡಿಕೊಳ್ಳಬಹುದು.

ಎಳೆಯುವ ಸೈಕಲ್‌ನ ಸೀಟ್ ಪೋಸ್ಟ್‌ಗೆ, ಸೀಟಿನ ಬುಡದಲ್ಲೇ, ಎಲಾಸ್ಟಿಕ್ ಹಗ್ಗ ಕಟ್ಟಿ. ಕೆಳಗೆ ಕಟ್ಟಿದರೆ ಸಡಿಲ ಆದಾಗ ಹಿಂದಿನ ಚಕ್ರಕ್ಕೆ ಸುತ್ತಿಕೊಳ್ಳುತ್ತದೆ. ಬಿಗಿ ಇಲ್ಲದಾಗ ಹಗ್ಗ ಟೈರ್ ಮುಟ್ಟಬಾರದು, ಅಷ್ಟೇ ಉದ್ದ. ಇನ್ನೊಂದು ತುದಿಯಲ್ಲಿ ಒಂದು ಕುಣಿಕೆ. ಹಿಂದಿನವರು ಅದನ್ನು ತಮ್ಮ ಹ್ಯಾಂಡಲ್ ಸ್ಟೆಮ್ ಮೇಲಿಂದ ಸುಮ್ನೆ ಹಾಕಿಕೊಳ್ಳಬೇಕು, ಗಂಟು ಹಾಕಬಾರದು. ಬೀಳುವ ಹಾಗಾದರೆ ಒಂದೇ ಬೆರಳಲ್ಲಿ ಎತ್ತಿ ಬಿಡುವಂತಿರಬೇಕು. ಹಗ್ಗ ಸಿಗದಿದ್ದರೆ ಹಳೆ ಟ್ಯೂಬ್ ಉದ್ದಕ್ಕೆ ಸೀಳಿ, ಅದೂ ಎಳೆಯುತ್ತದೆ. ಬಿಗಿ ಹಗ್ಗ ಮಾತ್ರ ಬೇಡ. ಮುಂದಿನವನು ಪೆಡಲ್ ತುಳಿದಾಗಲೆಲ್ಲ ಹಿಂದಿನವರ ಕತ್ತು ಜಗ್ಗುತ್ತದೆ.

ಇಳಿಜಾರಿನಲ್ಲಿ ತೆಗೆಯಲೇಬೇಕು. ಸಮತಟ್ಟು ಮಣ್ಣು ರಸ್ತೆ, ಉದ್ದನೆಯ ಸಣ್ಣ ಏರು, ಟಾರ್ ರಸ್ತೆಯಲ್ಲಿ ಎದುರು ಗಾಳಿ, ಇವು ಮೂರೂ ಎಳೆಯುವ ಜಾಗ. ನಡೆಯುವಾಗಲೂ ಆಗುತ್ತದೆ. ಮುಂದಿನವರ ಬ್ಯಾಗ್‌ನಿಂದ ಹಿಂದಿನವರ ಸೊಂಟದ ಬೆಲ್ಟ್‌ಗೆ. ತಂಗಿ ಓಟಗಾರ್ತಿ ಅಂದಿರಿ, ಅವಳೇ ಎಳೆಯಲಿ.

ಮತ್ತೆ, ಪ್ರತಿ ಸೈಕಲ್‌ಗೂ ಅದರದೇ ಡಿರೈಲರ್ ಹ್ಯಾಂಗರ್ (ಹಿಂದಿನ ಗೇರ್ ಹಿಡಿದಿರುವ ಸಣ್ಣ ಕೊಂಡಿ) ಒಂದು ಸ್ಪೇರ್ ಇಟ್ಟುಕೊಳ್ಳಿ. ಒಂದು ಕಂಪನಿಯದು ಇನ್ನೊಂದಕ್ಕೆ ಕೂರಲ್ಲ. ಬೋಲ್ಟ್ ಎರಡು ರೂಪಾಯಿದಾದರೂ ಕಾಡಿನಲ್ಲಿ ಸಿಗಲ್ಲ.

ಆಲೂರು ಹುಡುಗ

ಇದನ್ನು ಸ್ಕ್ರೀನ್‌ಶಾಟ್ ತೆಗೆದಿಟ್ಟೆ ಅಣ್ಣ. ಅಭ್ಯಾಸ ಎಲ್ಲಿ ಮಾಡೋದು? ಬಿಸಿಲೆ ಕಡೆ, ಇಲ್ಲ ಎತ್ತಿನಭುಜ, ದೇವರಮನೆ ಕಡೆ ರಾತ್ರಿ ನಡೆಯೋಣ ಅಂತ ಯೋಚನೆ.

ಎಸ್ಟೇಟ್ ರೈಟರ್

ರಾತ್ರಿ ಆ ಕಡೆ ಬರಬೇಡಿ ಮಾರಾಯ್ರೆ. ನಾವು ಇಲ್ಲೇ ಹುಟ್ಟಿ ಬೆಳೆದವರೇ ಸಂಜೆ ಮೇಲೆ ಬೈಕ್ ತೆಗೆಯೋಕೆ ಹಿಂದೆ ಮುಂದೆ ನೋಡುತ್ತೇವೆ. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಎಲ್ಲ ಕಡೆ ಆನೆ ಇದೆ. ಅರಣ್ಯ ಇಲಾಖೆಯವರು ಆನೆ ಎಲ್ಲಿದೆ ಅಂತ ಮೆಸೇಜ್ ಕಳಿಸುತ್ತಾರೆ, ಕೆಲವು ಕಡೆ ರಸ್ತೆ ಪಕ್ಕ ಎಲ್‌ಇಡಿ ಬೋರ್ಡ್ ಇದೆ. ಆಲೂರಿನವರು ನೀವು, ನಿಮಗೆ ನಾನು ಹೇಳಬೇಕಾ? ಕಾಫಿ ಗಿಡದ ಮಧ್ಯೆ ನಿಂತ ಆನೆ ಹತ್ತು ಮಾರು ದೂರದಿಂದಲೂ ಕಾಣಲ್ಲ. ಹೆಡ್‌ಲೈಟ್ ಹಾಕಿಕೊಂಡು ಓಡುವವನಿಗೆ ಆ ಬೆಳಕಿನ ವೃತ್ತ ಬಿಟ್ಟು ಬೇರೇನೂ ಕಾಣಲ್ಲ.

ಇನ್ನೊಂದು, ಜನವರಿಗೆ ಮುಂಚೆ ಅಭ್ಯಾಸ ಅಂದರೆ ಡಿಸೆಂಬರ್. ಅರೇಬಿಕಾ ಕೊಯ್ಲು. ಗೇಟ್‌ಗಳೆಲ್ಲ ಬೀಗ, ಕಣದಲ್ಲಿ ಕಾಫಿ ಒಣಗುತ್ತಿರುತ್ತದೆ, ರಾತ್ರಿ ಕಾವಲು. ಕಾಫಿ ಕಳ್ಳತನ ಜಾಸ್ತಿ ಆಗಿರುವ ಕಾಲ. ತಲೆಗೆ ದೀಪ ಕಟ್ಟಿಕೊಂಡ ನಾಲ್ಕು ಜನ ತೋಟದೊಳಗೆ ಓಡಿದರೆ ಮೇಸ್ತ್ರಿ ಏನು ತಿಳಿದುಕೊಳ್ಳಬೇಕು? ಸೋಲಾರ್ ಬೇಲಿ ಬೇರೆ. ಗುಡ್ಡದ ಚಾರಣದ ದಾರಿಗಳಿಗೆ ಇಲಾಖೆಯ ಅನುಮತಿ ಬೇಕು, ಅದೂ ಹಗಲಿಗೆ ಮಾತ್ರ. ಭದ್ರಾ ಹುಲಿ ರಕ್ಷಿತಾರಣ್ಯದ ಒಳಗಂತೂ ಯೋಚನೆಯೇ ಬೇಡ.

ನಿಮಗೆ ರಾತ್ರಿ ಅಭ್ಯಾಸ ಬೇಕಿದ್ದರೆ ಬಯಲು ಸೀಮೆ ಕಡೆ ಹೋಗಿ. ಅರಸೀಕೆರೆ, ಕಡೂರು ಕಡೆ ತೆಂಗಿನ ತೋಟ, ಹೊಲ, ಕೆರೆ ಏರಿ. ಪರಿಚಯದವರ ಜಮೀನು ನೋಡಿಕೊಳ್ಳಿ, ಊರವರಿಗೆ ಮೊದಲೇ ಹೇಳಿ. ನಾಯಿ ಅಟ್ಟಿಸಿಕೊಂಡು ಬರಬಹುದು, ಚಿರತೆ, ಕರಡಿ ಓಡಾಟ ಇದೆಯಾ ಅಂತಲೂ ಊರವರನ್ನು ಕೇಳಿಕೊಳ್ಳಿ.

ಕಾಫಿ ಕಣ

ರೈಟರ್ ಹೇಳಿದ್ದು ಸರಿ. ಕಯಾಕ್‌ಗೆ ಬೇಲೂರು ಹತ್ತಿರ ಯಗಚಿ ಹಿನ್ನೀರಿನಲ್ಲಿ ಜಲಕ್ರೀಡೆ ಕೇಂದ್ರ ಇದೆ, ಲೈಫ್ ಜಾಕೆಟ್ ಹಾಕಿ ಅಲ್ಲೇ ಕಲಿಯಿರಿ. ಗೊರೂರು ಹಿನ್ನೀರಿನಲ್ಲಿ ಶೆಟ್ಟಿಹಳ್ಳಿ ಚರ್ಚ್ ಹತ್ತಿರ ಸುಮ್ನೆ ತೆಪ್ಪ ಇಳಿಸಬೇಡಿ, ನೀರೊಳಗೆ ಏನಿದೆ ಅಂತ ಗೊತ್ತಾಗಲ್ಲ. ಮಧ್ಯಾಹ್ನದ ಮೇಲೆ ಹಿನ್ನೀರಿನಲ್ಲಿ ಗಾಳಿ ಏಳುತ್ತದೆ, ಬೆಳಿಗ್ಗೆ ಹೋಗಿ. ಎರಡು ಸೀಟಿನ ಕಯಾಕ್‌ನಲ್ಲಿ ಹಿಂದೆ ಕೂತವರು ದಿಕ್ಕು ತಿರುಗಿಸಬೇಕು, ಮುಂದೆ ಕೂತವರು ಲಯ ಕೊಡಬೇಕು. ನಿಮ್ಮ ಮೀನು ಸ್ನೇಹಿತ ಹಿಂದೆ, ಭಾವ ಮುಂದೆ.

ಆಲೂರು ಹುಡುಗ

ಥ್ಯಾಂಕ್ಸ್ ಅಕ್ಕ. ರಾತ್ರಿಗೆ ಕಡೂರು ಕಡೆ ಭಾವನ ಸ್ನೇಹಿತರ ತೋಟ ಇದೆ, ಆಗುತ್ತೆ. ಭಾವ ಲೈಸೆನ್ಸ್ ಸರ್ವೇಯರ್, ಅವರಿಗೆ ಎಲ್ಲ ಊರಲ್ಲೂ ಪರಿಚಯ.

ಗಿರಿ ಸೈಕಲ್

ಏನಂದಿರಿ?

ಕಾಫಿ ಕಣ

ಸರ್ವೇಯರ್ ಅಂತೆ! ಇದನ್ನು ಮೊದಲೇ ಹೇಳಬಾರದಿತ್ತಾ? ನಕ್ಷೆ ಓದುವವರನ್ನು ಬಿಟ್ಟು ಭಾರ ಎತ್ತುವವನನ್ನು ಕರೆದುಕೊಂಡು ಹೋಗೋಕೆ ಹೊರಟಿದ್ದೀರಿ.

ಹಳೇ ಸ್ಕೌಟ್

ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ಈಗ ಬರೆಯಲೇಬೇಕು.

ಸರ್ವೇಯರ್ ಅಂದ ತಕ್ಷಣ ಹಬ್ಬ ಮಾಡಬೇಡಿ. ಟಿಪ್ಪಣಿ, ಗ್ರಾಮ ನಕ್ಷೆ, ಪೋಡಿ, ಹದ್ದುಬಸ್ತು, ಇವೆಲ್ಲ ಗಡಿಯ ಕೆಲಸ. ಬಾಂದು ಕಲ್ಲು ಎಲ್ಲಿದೆ ಅಂತ ಹುಡುಕುವ ಕಣ್ಣು. ರೇಸ್‌ನಲ್ಲಿ ಬೇಕಿರೋದು ನೆಲದ ಏರಿಳಿತ ಓದುವ ಕಣ್ಣು. ಆದರೆ ಅಳತೆಯ ಶಿಸ್ತು ಅವರಿಗೆ ರಕ್ತದಲ್ಲೇ ಇರುತ್ತದೆ, ಉಳಿದಿದ್ದನ್ನು ಎರಡು ತಿಂಗಳಲ್ಲಿ ಕಲಿಸಬಹುದು. ಜಿಮ್ ಹುಡುಗನಿಗೆ ಎರಡೂ ಮೊದಲಿನಿಂದ ಕಲಿಸಬೇಕು.

ಸರ್ವೆ ಆಫ್ ಇಂಡಿಯಾದ 1:50,000 ನಕ್ಷೆ ತೆಗೆದುಕೊಳ್ಳಿ, ಅವರ ವೆಬ್‌ಸೈಟ್‌ನಲ್ಲಿ ಸಿಗುತ್ತದೆ. ಅದರಲ್ಲಿ 2 ಸೆಂಟಿಮೀಟರ್ ಅಂದರೆ ನೆಲದ ಮೇಲೆ 1 ಕಿಲೋಮೀಟರ್. ಕಾಂಟೂರ್ ಅಂದರೆ ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆ, ಒಂದರಿಂದ ಇನ್ನೊಂದಕ್ಕೆ 20 ಮೀಟರ್ ಎತ್ತರ. ಬಾಬಾಬುಡನ್‌ಗಿರಿ ಸಾಲಿನ ಹಾಳೆ ಹಾಸಿಕೊಂಡು ಕೂರಿ. ಗೆರೆಗಳು ಒತ್ತೊತ್ತಾಗಿ ಕೂಡಿದ ಜಾಗ ಕಡಿದಾದ ಇಳಿಜಾರು. ಗೆರೆ ಮೊನಚಾಗಿ ಗುಡ್ಡದ ಕಡೆ ತಿರುಗಿದ್ದರೆ ಅಲ್ಲಿ ಹಳ್ಳ, ಹೊರಗಡೆ ಚಾಚಿದ್ದರೆ ಏಣು. ಇದನ್ನು ಮನೆಯಲ್ಲಿ ಕೂತು ಕಲಿತು, ಆಮೇಲೆ ಹಗಲು ಹೊತ್ತು ಚಿಕ್ಕಮಗಳೂರು ಹತ್ತಿರದ ಕೈಮರದಿಂದ ಮೇಲೆ ಹೋಗುವ ರಸ್ತೆಯಲ್ಲಿ ನಿಂತು ಎದುರಿನ ಗುಡ್ಡಕ್ಕೆ ಹೊಂದಿಸಿ ನೋಡಬೇಕು. ಮಂಜು ಇಳಿದ ದಿನ ಇನ್ನೂ ಒಳ್ಳೆಯದು, ರಸ್ತೆ ಮೇಲೆ ಇದ್ದರೂ ದಿಕ್ಕು ತಪ್ಪುವ ಅನುಭವ ಆಗುತ್ತದೆ.

ನಕ್ಷೆಯಲ್ಲಿರುವ ಕಾಲುದಾರಿಗಳನ್ನು ನಂಬಬೇಡಿ. ತೋಟದ ದಾರಿ ವರ್ಷ ವರ್ಷ ಬದಲಾಗುತ್ತದೆ. ಹಳ್ಳ, ಏಣು, ಕೆರೆ ಏರಿ ಬದಲಾಗಲ್ಲ. ಚೆಕ್‌ಪಾಯಿಂಟ್‌ಗೆ (ರೇಸ್‌ನಲ್ಲಿ ಮುಟ್ಟಬೇಕಾದ ಜಾಗಕ್ಕೆ) ನೇರವಾಗಿ ಗುರಿ ಇಡೋದಕ್ಕಿಂತ, ಅದರ ಹತ್ತಿರದ ತಪ್ಪದ ಗುರುತೊಂದನ್ನು ಮೊದಲು ಹಿಡಿಯಿರಿ. ಎರಡು ಹಳ್ಳ ಸೇರುವ ಜಾಗ, ಸೇತುವೆ, ಹೀಗೆ ಏನಾದರೂ. ಅಲ್ಲಿಂದ ಹೆಜ್ಜೆ ಎಣಿಸಿಕೊಂಡು ನಿಧಾನಕ್ಕೆ. ಅದನ್ನೂ ದಾಟಿ ಹೋದರೆ ಯಾವುದು ತಡೆಯುತ್ತದೆ ಅಂತಲೂ ಮೊದಲೇ ನೋಡಿಟ್ಟುಕೊಳ್ಳಬೇಕು: ರಸ್ತೆ ಬಂತು ಅಂದರೆ ಜಾಸ್ತಿ ಬಂದಿದ್ದೇವೆ, ವಾಪಸ್.

ಸಮಯಕ್ಕೆ ನೇಸ್ಮಿತ್ ಲೆಕ್ಕ ಇದೆ. 1892ರಷ್ಟು ಹಳೆಯದು, ಈಗಲೂ ಕೆಲಸಕ್ಕೆ ಬರುತ್ತದೆ. 5 ಕಿಲೋಮೀಟರ್‌ಗೆ 1 ಗಂಟೆ, ಜೊತೆಗೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಅಂದರೆ 6 ಕಿಲೋಮೀಟರ್ ದೂರ, 600 ಮೀಟರ್ ಏರು ಇದ್ದರೆ 2 ಗಂಟೆ 12 ನಿಮಿಷ. ಲಂಟಾನ ಪೊದೆ ಅಡ್ಡ ಬಂದರೆ ಯಾವ ಲೆಕ್ಕವೂ ನಡೆಯಲ್ಲ, ಅದು ಬೇರೆ ಮಾತು.

ನಕ್ಷೆ ಹಿಡಿದವರ ಬ್ಯಾಗ್ ಬೇರೆಯವರು ಹೊರಬೇಕು. ಅವರ ಬಾಯಿಗೆ ತಿಂಡಿ ಇಡೋದೂ ಬೇರೆಯವರ ಕೆಲಸ. ಇನ್ನೊಬ್ಬರು ಎರಡನೇ ನಕ್ಷೆ ಹಿಡಿದು ಸುಮ್ಮನೆ ಹೊಂದಿಸಿ ನೋಡುತ್ತಿರಬೇಕು, ಅನುಮಾನ ಬಂದರೆ ಮಾತ್ರ ಬಾಯಿ ಬಿಡಬೇಕು. ಮೂರು ಜನ ಮೂರು ದಿಕ್ಕು ತೋರಿಸಿದರೆ ಮುಗೀತು.

ಟಾಪ್ ಗೇರ್

ಸರಿ, ನಕ್ಷೆ ವಿಷಯ ಒಪ್ಪಿದೆ. ದಾರಿ ತಪ್ಪಿ ಕಳೆಯುವ ಒಂದು ಗಂಟೆಯನ್ನು ಯಾವ ಓಟಗಾರನೂ ತುಂಬಿಕೊಡಲ್ಲ. ಆದರೂ ನನ್ನ ಮಾತು ಪೂರ್ತಿ ಬಿಡಲ್ಲ. ಕಟ್ ಆಫ್ ಪಟ್ಟಿ ತರಿಸಿ, ಭಾವನ ಇವತ್ತಿನ ವೇಗಕ್ಕೆ ಹೊಂದಿಸಿ ನೋಡಿ. ಬ್ಯಾಗ್ ಇಲ್ಲದೆ, ಹಗ್ಗ ಹಾಕಿದರೂ ಆಗದಿದ್ದರೆ ಈ ವರ್ಷ 6 ಗಂಟೆ ಅಥವಾ 12 ಗಂಟೆಯ ರೇಸ್ ಹುಡುಕಿ. ಆಗಲೂ ಬದಲಿಸಬೇಡಿ ಅನ್ನುತ್ತೀರಾ ಅಕ್ಕ?

ಕಾಫಿ ಕಣ

ಆಗ ರೇಸ್ ಬದಲಿಸಿ, ಜನ ಅಲ್ಲ. ಇಷ್ಟರ ಮಟ್ಟಿಗೆ ನೀನು ಹೇಳಿದ್ದೇ ನನ್ನ ಅಭಿಪ್ರಾಯ.

ಸಮಯ ಉಳಿಸುವ ಇನ್ನೊಂದು ಜಾಗ ಇದೆ. ಸೈಕಲ್‌ನಿಂದ ಕಯಾಕ್‌ಗೆ, ಕಯಾಕ್‌ನಿಂದ ನಡಿಗೆಗೆ ಬದಲಾಗುವ ಟ್ರಾನ್ಸಿಷನ್. ಅಲ್ಲಿ ಕುರ್ಚಿ ಕಂಡರೆ ಎಲ್ಲರೂ ಕೂತುಬಿಡುತ್ತಾರೆ. ಒಂದೊಂದು ಕಡೆ 20 ನಿಮಿಷ ಜಾಸ್ತಿ ಹೋದರೆ ಆರು ಕಡೆಗೆ 2 ಗಂಟೆ. ಭಾವ ಏರಿನಲ್ಲಿ ಅಷ್ಟು ತಡ ಮಾಡಲ್ಲ ಬಿಡಿ.

ನೈಟ್ ಡ್ಯೂಟಿ ಸಿಸ್ಟರ್

ನಾನು ಆಸ್ಪತ್ರೆಯಲ್ಲಿ ಕೆಲಸ ಮಾಡುವವಳು, ಓಟ ಗೀಟ ಗೊತ್ತಿಲ್ಲ. ಆದರೆ ಯಾರೂ ಆರೋಗ್ಯದ ಬಗ್ಗೆ ಬರೆದಿಲ್ಲ.

ಕೆಸರು, ಗದ್ದೆ ನೀರು, ಹಿನ್ನೀರು ಅಂದರೆ ಇಲಿ ಜ್ವರದ ನೆನಪಿರಲಿ. 2000ರಲ್ಲಿ ಮಲೇಷ್ಯಾದ ಸಬಾದಲ್ಲಿ ಇಕೋ ಚಾಲೆಂಜ್ ಅನ್ನುವ ದೊಡ್ಡ ರೇಸ್ ನಡೆಯಿತು. ಮುಗಿಸಿ ಮನೆಗೆ ಹೋದ ಮೇಲೆ ಎಷ್ಟೋ ಜನರಿಗೆ ಜ್ವರ. ಆಮೇಲೆ ವಿಚಾರಿಸಿದ 189 ಜನರಲ್ಲಿ 80 ಜನರಿಗೆ ಇಲಿ ಜ್ವರದ ಲಕ್ಷಣ ಇತ್ತು. ಸೆಗಾಮಾ ನದಿಯಲ್ಲಿ ಈಜಿದ್ದು ಕಾರಣ ಅಂತ ಗೊತ್ತಾಯಿತು. ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಈ ಜ್ವರ ಸಾಮಾನ್ಯವಾಗಿ 5ರಿಂದ 14 ದಿನಕ್ಕೆ ಬರುತ್ತದೆ, ಅಷ್ಟರಲ್ಲಿ ರೇಸ್ ಮರೆತೇ ಹೋಗಿರುತ್ತದೆ. ಹಾಗಾಗಿ ಡಾಕ್ಟರಿಗೆ ಬರೀ ಜ್ವರ, ಮೈಕೈ ನೋವು ಅಂತ ಹೇಳಬೇಡಿ. ಕೆಸರು ನೀರಿನಲ್ಲಿ ಇದ್ದೆವು ಅಂತ ಬಿಡಿಸಿ ಹೇಳಿ. ಕಾಲಿನಲ್ಲಿ ಗಾಯ ಇದ್ದರೆ ನೀರಿಗೆ ಇಳಿಯುವ ಮುಂಚೆ ವಾಟರ್‌ಪ್ರೂಫ್ ಪ್ಲಾಸ್ಟರ್ ಹಾಕಿ. ಮುಂಚಿತವಾಗಿ ಮಾತ್ರೆ ಬೇಕಾ ಅಂತ ನಿಮ್ಮ ಡಾಕ್ಟರನ್ನೇ ಕೇಳಿ, ಮೆಡಿಕಲ್ ಶಾಪಿನವರನ್ನಲ್ಲ.

ಕೊಪ್ಪ, ಎನ್.ಆರ್. ಪುರ ಕಡೆ ಅಭ್ಯಾಸಕ್ಕೆ ಹೋದರೆ ಮಂಗನ ಕಾಯಿಲೆ. ಡಿಸೆಂಬರ್‌ನಿಂದ ಮೇವರೆಗೆ ಅದರ ಕಾಲ. ಉಣುಗು ಕಚ್ಚಿ ಬರೋದು. ಆರೋಗ್ಯ ಇಲಾಖೆಯವರು ಉಣುಗು ಹತ್ತದಂತೆ ಡೆಪಾ ಎಣ್ಣೆ ಕೊಡುತ್ತಾರೆ, ಹಚ್ಚಿಕೊಳ್ಳಿ. ಬಂದ ಮೇಲೆ ಬಿಸಿ ನೀರಿನ ಸ್ನಾನ, ಬಟ್ಟೆಯನ್ನೂ ಬಿಸಿ ನೀರಿಗೆ. ಉಂಬಳಕ್ಕೆ ಹೆದರುವವರು ಉಣುಗಿಗೆ ಹೆದರಲ್ಲ, ಆದರೆ ಕಾಯಿಲೆ ತರೋದು ಉಣುಗೇ.

ಕಾಲು: ಗುಳ್ಳೆ ಎದ್ದ ಮೇಲೆ ಟೇಪ್ ಹಾಕಿ ಪ್ರಯೋಜನ ಇಲ್ಲ. ಉರಿ ಶುರುವಾದ ತಕ್ಷಣ ನಿಲ್ಲಿಸಿ, ಒರೆಸಿ, ಚರ್ಮ ಒಣಗಿದ ಮೇಲೆ ಸುಕ್ಕಿಲ್ಲದ ಹಾಗೆ ಟೇಪ್ ಅಂಟಿಸಿ. ಮೂಲೆಗಳನ್ನು ಕತ್ತರಿಯಿಂದ ದುಂಡಗೆ ಮಾಡಿ, ಇಲ್ಲದಿದ್ದರೆ ಸಾಕ್ಸ್‌ಗೆ ಸಿಕ್ಕಿ ಏಳುತ್ತದೆ. ತಂಡದಲ್ಲಿ ಒಬ್ಬರು ನಿಲ್ಲಿಸಿ ಅಂದರೆ ಎಲ್ಲರೂ ನಿಲ್ಲಬೇಕು. ನಾಚಿಕೊಂಡು ಸುಮ್ಮನಿರುವವರೇ ಆಮೇಲೆ ಎಲ್ಲರನ್ನೂ ನಿಲ್ಲಿಸುತ್ತಾರೆ.

ನೀರು: ಬಾಯಾರಿದಷ್ಟು ಕುಡಿಯಿರಿ. ಬರೀ ನೀರನ್ನು ಲೀಟರ್‌ಗಟ್ಟಲೆ ಸುರಿದುಕೊಂಡರೆ ರಕ್ತದಲ್ಲಿ ಸೋಡಿಯಂ ಇಳಿಯುತ್ತದೆ. ಬೆರಳು ಊದಿಕೊಂಡು, ತಲೆನೋವು, ವಾಕರಿಕೆ, ಮಾತು ತೊದಲೋದು ಕಂಡರೆ ಇನ್ನಷ್ಟು ನೀರು ಕುಡಿಸಬೇಡಿ, ರೇಸ್‌ನ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ.

ಎಸ್ಟೇಟ್ ರೈಟರ್

ಊಟದ ಮಾತು ಬರಲಿಲ್ಲ.

ಗಿರಿ ಸೈಕಲ್

ಹಾಸನದವರಿಗೆ ಊಟ ಹೇಳಿಕೊಡಬೇಕಾ? ಸಣ್ಣ ಆಲೂಗಡ್ಡೆ ಬೇಯಿಸಿ, ಉಪ್ಪು ಹಾಕಿ, ಕವರ್‌ನಲ್ಲಿ ಕಟ್ಟಿಕೊಳ್ಳಿ. ರಾತ್ರಿ ಹನ್ನೆರಡರ ಮೇಲೆ ಸಿಹಿ ಜೆಲ್ ಯಾರಿಗೂ ಇಳಿಯಲ್ಲ. ಆಲೂಗಡ್ಡೆ, ಪುಳಿಯೋಗರೆ ಉಂಡೆ, ಕಡ್ಲೆಬೀಜದ ಚಿಕ್ಕಿ ಇಳಿಯುತ್ತದೆ. ಫ್ಲಾಸ್ಕ್‌ನಲ್ಲಿ ಕಾಫಿ ಟ್ರಾನ್ಸಿಷನ್ ಬ್ಯಾಗ್‌ನಲ್ಲಿರಲಿ. ಕಡುಬು ಬೇಡ. ಅದು ತಿಂದರೆ ನಿದ್ದೆ ಬರುತ್ತೆ.

ಕೊಳ್ಳೇಗಾಲ ರಿಟರ್ನ್

ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ, ನಾಯಿ ಅಂದಿದ್ದಕ್ಕೆ ನೆನಪಾಯಿತು. 2014ರಲ್ಲಿ ಈಕ್ವೆಡಾರ್‌ನ ವರ್ಲ್ಡ್ ಚಾಂಪಿಯನ್‌ಶಿಪ್‌ನಲ್ಲಿ ಸ್ವೀಡನ್ ತಂಡದವರೊಬ್ಬರು ಒಂದು ಬೀದಿ ನಾಯಿಗೆ ಮಾಂಸದ ಉಂಡೆ ಹಾಕಿದರು. ಅದು ಕಾಡು, ಕೆಸರು ಎಲ್ಲ ದಾಟಿ ಹಿಂದೆಯೇ ಬಂತು, ಕಯಾಕ್ ಹೊರಟಾಗ ನೀರಿಗೂ ಹಾರಿತು. ಕೊನೆಗೆ ಸ್ವೀಡನ್‌ಗೇ ಕರೆದುಕೊಂಡು ಹೋದರು, ಆರ್ಥರ್ ಅಂತ ಹೆಸರಿಟ್ಟು. ಕಡೂರು ಕಡೆ ಆಲೂಗಡ್ಡೆ ಹಂಚುವಾಗ ಜೋಪಾನ. 😄

ಕಾಫಿ ಕಣ

ನಮ್ಮ ದೇಶದವರೂ ಹೋಗಿದ್ದಾರೆ ಕಣ್ರೀ. 2019ರಲ್ಲಿ ಫಿಜಿಯಲ್ಲಿ ನಡೆದ ಇಕೋ ಚಾಲೆಂಜ್‌ಗೆ ಎವರೆಸ್ಟ್ ಹತ್ತಿದ ಅವಳಿ ಅಕ್ಕ ತಂಗಿ, ತಾಶಿ ಮತ್ತು ನುಂಗ್ಶಿ ಮಲಿಕ್, ಖುಕುರಿ ವಾರಿಯರ್ಸ್ ಅನ್ನುವ ತಂಡ ಕಟ್ಟಿಕೊಂಡು ಹೋಗಿದ್ದರು. ಆಲೂರು ಹುಡುಗ, ನಿಮ್ಮ ತಂಗಿಗೆ ತೋರಿಸಿ.

ಆಲೂರು ಹುಡುಗ

ಭಾವನ ಹತ್ತಿರ ಕೂತು ಇಡೀ ಚರ್ಚೆ ಓದಿಸಿದೆ. ಮೊದಲು ನಕ್ಕರು. ಆಮೇಲೆ ಬೀರುವಿನಿಂದ ಹಳೆ ಪ್ರಿಸ್ಮಾಟಿಕ್ ಕಂಪಾಸ್ ತೆಗೆದು ಟೇಬಲ್ ಮೇಲೆ ಇಟ್ಟರು. ಬರುತ್ತೇನೆ, ಆದರೆ ಎರಡು ಷರತ್ತು ಅಂದರು. ಹಗ್ಗ ಹಾಕಿ ಎಳೆಯಲಿ, ಬೇಸರ ಇಲ್ಲ, ಆದರೆ ಊರೊಳಗೆ ಹೋಗುವಾಗ ಬಿಚ್ಚಬೇಕು. ಎರಡನೆಯದು, ನಕ್ಷೆ ಅವರ ಕೈಯಲ್ಲಿದ್ದಾಗ ನಾನು ಬಾಯಿ ಹಾಕಬಾರದು.

ಜಿಮ್ ಹುಡುಗನನ್ನು ಬಿಟ್ಟಿಲ್ಲ. ಟ್ರಾನ್ಸಿಷನ್‌ನಲ್ಲಿ ಸೈಕಲ್ ಇಳಿಸೋಕೆ, ಬಾಕ್ಸ್ ಎತ್ತೋಕೆ ಸಹಾಯಕ್ಕೆ ಒಬ್ಬರನ್ನು ಬಿಡುತ್ತಾರಂತೆ, ಅವನು ಒಪ್ಪಿದ.

ಹಳೇ ಸ್ಕೌಟ್

ಪ್ರಿಸ್ಮಾಟಿಕ್ ಮನೆಯಲ್ಲಿರಲಿ, ಭಾರ. ನಕ್ಷೆ ಮೇಲೆ ಇಟ್ಟು ಓದುವ ಪಾರದರ್ಶಕ ತಳದ ಕಂಪಾಸ್ ಒಂದು ಕೊಳ್ಳಲಿ. ಎರಡು ಕೊಳ್ಳಲಿ, ಇನ್ನೊಂದು ತಂಗಿಗೆ.

ಟಾಪ್ ಗೇರ್

ಕಟ್ ಆಫ್ ಪಟ್ಟಿ ಬಂತಾ?

ಆಲೂರು ಹುಡುಗ

ನಾಳೆ ಕಳಿಸುತ್ತಾರಂತೆ, ಇಲ್ಲೇ ಹಾಕುತ್ತೇನೆ. ಗಿರಿ ಅಣ್ಣ, ಭಾನುವಾರ ಬೆಳಿಗ್ಗೆ ಅಂಗಡಿ ತೆಗೆದಿರುತ್ತಾ? ನಾಲ್ಕು ಸೈಕಲ್‌ಗೂ ಹ್ಯಾಂಗರ್ ನೋಡಬೇಕಿತ್ತು.

ಗಿರಿ ಸೈಕಲ್

ಒಂಬತ್ತರ ಒಳಗೆ ಬನ್ನಿ. ಭಾವನನ್ನೂ ಕರೆದುಕೊಂಡು ಬನ್ನಿ, ಸೀಟ್ ಎತ್ತರ ನೋಡಬೇಕು. ಏರಿನಲ್ಲಿ ನಿಧಾನ ಅಂದವರಲ್ಲಿ ಅರ್ಧ ಜನರ ಸೀಟ್ ಕೆಳಗೆ ಇರುತ್ತೆ.